ನೇತ್ರಾವತಿಯ ಈಚೆಗೂ ಒಂದು ಠಾಣೆ ಬೇಕು

ಉಳ್ಳಾಲ ತಾಲೂಕು ಆಗಿ ಕೆಲವು ವರ್ಷಗಳಾದವು. ಬೋರ್ಡುಗಳು ಬದಲಾದವು, ತಹಶೀಲ್ದಾರರು ಬಂದರು, ಸಣ್ಣಪುಟ್ಟ ಕಾಗದಪತ್ರಕ್ಕೆಂದು ಮಂಗಳೂರಿಗೆ ಓಡುವುದು ಒಂದಿಷ್ಟು ಕಡಿಮೆಯಾಯಿತು. ಆದರೆ ಮನೆಗೆ ಬೆಂಕಿ ಬಿದ್ದರೆ, ಬರೆ ಜರಿದು ಯಾರಾದರೂ ಮಣ್ಣಿನಡಿ ಸಿಕ್ಕಿಕೊಂಡರೆ ನಾವು ಈಗಲೂ ಕಾಯುವುದು ಹೊಳೆಯ ಆಚೆಯಿಂದ ಬರುವ ವಾಹನಕ್ಕೆ. ಪಾಂಡೇಶ್ವರದಿಂದಲೋ ಕದ್ರಿಯಿಂದಲೋ ಹೊರಟ ಜಲವಾಹನ ಜೆಪ್ಪಿನಮೊಗರು ದಾಟಿ, ನೇತ್ರಾವತಿ ಸೇತುವೆ ದಾಟಿ, ಕಲ್ಲಾಪು ದಾಟಿ ತೊಕ್ಕೊಟ್ಟಿಗೆ ತಲುಪಬೇಕು. ಅಲ್ಲಿಂದ ಒಂದು ದಾರಿ ಉಳ್ಳಾಲದ ಕಡಲ ಕಡೆಗೆ, ಒಂದು ತಲಪಾಡಿಗೆ, ಇನ್ನೊಂದು ಕುತ್ತಾರು, ದೇರಳಕಟ್ಟೆ, ಕೊಣಾಜೆ ಹಾದು ಮುಡಿಪಿಗೆ. ಮಂಗಳೂರಿನಿಂದ ಮುಡಿಪಿಗೆ ಸುಮಾರು 20 ಕಿಲೋಮೀಟರ್. ಸಂಜೆ ಐದೂವರೆಗೆ ಆ ದಾರಿಯಲ್ಲಿ ಬಸ್ಸಿನಲ್ಲಿ ನಿಂತುಕೊಂಡು ಬಂದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೇತುವೆಯ ಮೇಲೆ ಒಂದು ಲಾರಿ ಕೆಟ್ಟು ನಿಂತರೆ ಸಾಕು, ಇಡೀ ತಾಲೂಕು ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಹರೇಕಳ–ಅಡ್ಯಾರ್ ನಡುವೆ ಕಿಂಡಿ ಅಣೆಕಟ್ಟಿನ ಸೇತುವೆ ಬಂದಿದೆ ನಿಜ. ಹರೇಕಳ, ಪಾವೂರಿನವರಿಗೆ ಅದರಿಂದ ದೊಡ್ಡ ಉಪಕಾರವಾಯಿತು. ಆದರೆ ನಗರದ ಠಾಣೆಯಿಂದ ನೀರು ತುಂಬಿಕೊಂಡು ಹೊರಟ ವಾಹನಕ್ಕೆ ಅದು ಸುತ್ತುದಾರಿಯೇ. ಮುಡಿಪು ಕಡೆಯವರಿಗೆ ಬಂಟ್ವಾಳದ ಅಗ್ನಿಶಾಮಕ ಠಾಣೆ ಇದೆಯಲ್ಲ ಎನ್ನುವವರಿದ್ದಾರೆ. ಮೆಲ್ಕಾರ್ ದಾರಿಯಲ್ಲಿ ಅಲ್ಲಿಂದ ನೆರವು ಬರಬಹುದು, ಒಪ್ಪಿಕೊಳ್ಳೋಣ. ಆದರೆ ಆ ಠಾಣೆಗೆ ಅದರದ್ದೇ ತಾಲೂಕು ಇದೆ, ರಾಷ್ಟ್ರೀಯ ಹೆದ್ದಾರಿ ಇದೆ, ನೆರೆ ಬರುವ ಹೊಳೆಯೂ ಇದೆ. ಪಕ್ಕದ ಮನೆಯ ಬಾವಿಯನ್ನು ನಂಬಿ ನಾವು ಎಷ್ಟು ದಿನ ಸಂಸಾರ ಮಾಡುವುದು?

ಅಗ್ನಿಶಾಮಕ ಸೇವೆಗೆ ದೇಶದಲ್ಲಿ ಒಂದು ಮಾನದಂಡ ಇದೆ. ಕೇಂದ್ರದ ಸ್ಥಾಯಿ ಅಗ್ನಿಶಾಮಕ ಸಲಹಾ ಸಮಿತಿಯ ಲೆಕ್ಕದಲ್ಲಿ ಪಟ್ಟಣ ಪ್ರದೇಶಕ್ಕೆ ಕರೆ ಬಂದ 5ರಿಂದ 7 ನಿಮಿಷದೊಳಗೆ, ಹಳ್ಳಿಗಳಿಗೆ 20 ನಿಮಿಷದೊಳಗೆ ವಾಹನ ತಲುಪಬೇಕು. ಸಣ್ಣ ನಗರಗಳಲ್ಲಿ 50,000 ಜನಕ್ಕೆ ಒಂದು ಜಲವಾಹನ ಇರಬೇಕು. 2011ರ ಜನಗಣತಿಯಲ್ಲೇ ಉಳ್ಳಾಲ ಪಟ್ಟಣವೊಂದರ ಜನಸಂಖ್ಯೆ 50,000 ದಾಟಿತ್ತು. ಸೋಮೇಶ್ವರ, ಕೋಟೆಕಾರು, ಮುನ್ನೂರು, ಬೆಳ್ಮ, ಕೊಣಾಜೆ, ಮಂಜನಾಡಿ ಎಲ್ಲವನ್ನೂ ಸೇರಿಸಿದರೆ ಎಷ್ಟಾಗುತ್ತದೆ? ಇದರ ಮೇಲೆ ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು, ಅವುಗಳ ಆಸ್ಪತ್ರೆಗಳು, ಹಾಸ್ಟೆಲುಗಳು, ಕೊಣಾಜೆಯ ವಿಶ್ವವಿದ್ಯಾನಿಲಯ, ಮುಡಿಪಿನ ಇನ್ಫೋಸಿಸ್, ಕೋಟೆಪುರದ ಮೀನಿನ ಹುಡಿಯ ಕಾರ್ಖಾನೆಗಳು. ರೋಗಿಗಳು ಹಾಸಿಗೆಯಲ್ಲಿ ಮಲಗಿರುವ ಇಷ್ಟು ದೊಡ್ಡ ಕಟ್ಟಡಗಳು ಒಂದೇ ರಸ್ತೆಯಲ್ಲಿ ಸಾಲಾಗಿ ನಿಂತಿರುವ ಊರಿನಲ್ಲಿ ಜಲವಾಹನ ಹೊಳೆ ದಾಟಿ ಬರಬೇಕು ಎನ್ನುವುದು ಯಾವ ಲೆಕ್ಕ ಮಾರಾಯ್ರೆ?

ನಮ್ಮ ಕಡೆ ಬೆಂಕಿಗಿಂತ ಹೆಚ್ಚು ಜೀವ ತೆಗೆಯುತ್ತಿರುವುದು ಮಣ್ಣು ಮತ್ತು ಗೋಡೆ. 2024ರ ಜೂನ್ 26ರ ಬೆಳಗ್ಗೆ ಕುತ್ತಾರಿನ ಮದನಿನಗರದಲ್ಲಿ ಪಕ್ಕದ ಮನೆಯ ಕಂಪೌಂಡ್ ಗೋಡೆ ಬಿದ್ದು ಒಂದೇ ಮನೆಯ ನಾಲ್ವರು ತೀರಿಕೊಂಡರು. 2025ರ ಮೇ 30ರಂದು ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಜರಿದು ಅಜ್ಜಿ ಮತ್ತು ಇಬ್ಬರು ಪುಟ್ಟ ಮಕ್ಕಳು ಹೋದರು. ಮಕ್ಕಳ ತಾಯಿ ಗಂಟೆಗಟ್ಟಲೆ ಅವಶೇಷದಡಿ ಸಿಕ್ಕಿಕೊಂಡಿದ್ದರು. ಜೀವ ಉಳಿಯಿತು, ಕಾಲುಗಳು ಉಳಿಯಲಿಲ್ಲ. ಅದೇ ದಿನ ದೇರಳಕಟ್ಟೆ ಸಮೀಪ ಇನ್ನೊಂದು ಹೆಣ್ಣುಮಗು ಮಣ್ಣುಪಾಲಾಯಿತು.

ಹತ್ತಿರದಲ್ಲಿ ಠಾಣೆ ಇದ್ದಿದ್ದರೆ ಇವರೆಲ್ಲ ಉಳಿಯುತ್ತಿದ್ದರು ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳುವುದು ಸುಳ್ಳಾಗುತ್ತದೆ, ಆ ಮನೆಗಳವರಿಗೆ ಇನ್ನಷ್ಟು ನೋವಾಗುತ್ತದೆ. ಮೊಂಟೆಪದವಿನಲ್ಲಿ ಅಗ್ನಿಶಾಮಕದವರು, ವಿಪತ್ತು ಪಡೆಯವರು, ಊರಿನ ಯುವಕರು ಎಲ್ಲರೂ ಸೇರಿಯೇ ದುಡಿದರು. ನಾವು ಹೇಳುವುದು ಇಷ್ಟು: ಕಾಂಕ್ರೀಟ್ ಕತ್ತರಿಸುವ ಯಂತ್ರ, ಬಿದ್ದ ಸ್ಲ್ಯಾಬ್ ಎತ್ತುವ ಹೈಡ್ರಾಲಿಕ್ ಸಲಕರಣೆ, ಅದನ್ನು ಬಳಸಲು ಕಲಿತ ಕೈ, ಇವು ಸಾಮಾನ್ಯವಾಗಿ ಇರುವುದು ಅಗ್ನಿಶಾಮಕ ಠಾಣೆಯಲ್ಲಿ. ಆ ಇಲಾಖೆಯ ಹೆಸರೇ ಈಗ ಅಗ್ನಿಶಾಮಕ ಮತ್ತು ತುರ್ತು ಸೇವೆಗಳು. ಜನ ಮಾತ್ರ ಇನ್ನೂ ಅದನ್ನು ಬೆಂಕಿ ನಂದಿಸುವ ಲಾರಿ ಎಂದೇ ತಿಳಿದುಕೊಂಡಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪು ಮಣ್ಣಿನ ಬರೆಯ ಬುಡದಲ್ಲಿ ಮಲಗುವ ಸಾವಿರಾರು ಮನೆಗಳಿರುವ ತಾಲೂಕಿನಲ್ಲಿ ಆ ಸಲಕರಣೆಗಳು ಹೊಳೆಯ ಈಚೆಗೆ ಇರಬೇಕು.

ಮೊದಲು ಓಡಿ ಬರುವುದು ಯಾವಾಗಲೂ ಊರಿನವರೇ. 2010ರ ಮೇ 22ರಂದು ಕೆಂಜಾರಿನಲ್ಲಿ ವಿಮಾನ ಬಿದ್ದಾಗಲೂ ಮೊದಲು ಓಡಿದ್ದು ಸುತ್ತಲಿನ ಮನೆಯವರು. ನಮ್ಮ ಹುಡುಗರ ಬಗ್ಗೆ ನಮಗೆ ಹೆಮ್ಮೆ ಇದೆ. ಆದರೆ ಬರಿಗೈಯಲ್ಲಿ, ಹಾರೆ ಗುದ್ದಲಿಯಲ್ಲಿ ಮಣ್ಣು ಬಗೆಯುವುದಕ್ಕೆ ಒಂದು ಮಿತಿ ಇದೆ. ಮಣ್ಣು ಇನ್ನೊಮ್ಮೆ ಜರಿದರೆ ಬಗೆಯಲು ಹೋದವನೂ ಒಳಗೆ. ಮಸೀದಿಯ ಮೈಕಿನಲ್ಲಿ ಕರೆದರೆ ಹತ್ತು ನಿಮಿಷದಲ್ಲಿ ಇನ್ನೂರು ಜನ ಸೇರುತ್ತಾರೆ. ಅವರಲ್ಲಿ ಇಪ್ಪತ್ತು ಮಂದಿಗಾದರೂ ಹಗ್ಗ ಹೇಗೆ ಕಟ್ಟಬೇಕು, ಗಾಯಾಳುವನ್ನು ಹೇಗೆ ಎತ್ತಬೇಕು ಎಂದು ಕಲಿಸಲು ಊರಿನಲ್ಲೊಂದು ಠಾಣೆ ಬೇಕು.

ದಮ್ಮಾಮ್, ಜುಬೈಲಿನಲ್ಲಿ ಹತ್ತು ಹದಿನೈದು ವರ್ಷ ದುಡಿದು ಬಂದವರು ನಮ್ಮಲ್ಲಿ ಮನೆಗೊಬ್ಬರು. ಅಲ್ಲಿ ಆಗ ಬೆಂಕಿಗೆ 998 ಒತ್ತಬೇಕಿತ್ತು ಎಂದು ಅವರಿಗೆ ನಿದ್ದೆಯಲ್ಲೂ ಗೊತ್ತು. ಇಲ್ಲಿನ ನಂಬರ್ ಕೇಳಿದರೆ ಒಂದು ಕ್ಷಣ ಯೋಚಿಸುತ್ತಾರೆ. 101 ಇದೆ, ಈಗ ಪೊಲೀಸರಿಗೂ ಅಗ್ನಿಶಾಮಕಕ್ಕೂ ಸೇರಿ 112 ಇದೆ. ಆದರೆ ಕೇಳಿ ನೋಡಿ, ನಮ್ಮ ಮನೆಗಳಲ್ಲಿ ಆಪತ್ತು ಬಂದಾಗ ಮೊದಲ ಫೋನ್ ಹೋಗುವುದು ಗಲ್ಫಿನಲ್ಲಿರುವ ಮಗನಿಗೆ, ಎರಡನೆಯದು ಜಮಾಅತ್ ಅಧ್ಯಕ್ಷರಿಗೆ. 112 ನೆನಪಾಗುವ ಹೊತ್ತಿಗೆ ಅರ್ಧ ಗಂಟೆ ಕಳೆದಿರುತ್ತದೆ. ಹೇಗೂ ಅವರು ಬರುವುದು ಎಷ್ಟೋ ಹೊತ್ತಿಗೆ ಎಂಬ ಭಾವನೆ ಜನರಲ್ಲಿ ಕೂತುಬಿಟ್ಟಿದೆ. ಠಾಣೆ ಕಣ್ಣೆದುರು ಇದ್ದರೆ ನಂಬರೂ ನೆನಪಿರುತ್ತದೆ.

ಇನ್ನು ಪೊಲೀಸ್ ವಿಷಯ. ಇದನ್ನು ಬರೆಯುವಾಗ ಸ್ವಲ್ಪ ಬಿಚ್ಚಿಯೇ ಹೇಳಬೇಕು. ಅಗ್ನಿಶಾಮಕ ಠಾಣೆ ಬೇಕು ಎಂದರೆ ಜಮಾಅತಿನ ಸಭೆಯಲ್ಲಿ ಎಲ್ಲರೂ ಕೈ ಎತ್ತುತ್ತಾರೆ. ಪೊಲೀಸ್ ಹೊರಠಾಣೆಯೊಂದು ಹತ್ತಿರ ಬರಲಿ ಎಂದರೆ ಮೌನ. ಕರಾವಳಿಯಲ್ಲಿ ಇಷ್ಟು ವರ್ಷ ನಡೆದದ್ದನ್ನೆಲ್ಲ ನೋಡಿದ ಮನೆಗಳಲ್ಲಿ ಆ ಮೌನಕ್ಕೆ ಕಾರಣ ಇದೆ, ಅದನ್ನು ತಪ್ಪು ಎಂದು ತಳ್ಳಿಹಾಕಲು ನಾವು ತಯಾರಿಲ್ಲ. ಆದರೆ ಠಾಣೆ ದೂರ ಇದ್ದರೆ ಆ ಭಯ ಕಡಿಮೆಯಾಗುತ್ತದೆಯೇ? ಕಡಿಮೆಯಾಗುವುದು ದೂರು ಕೊಡುವವರ ಸಂಖ್ಯೆ ಮಾತ್ರ.

2025ರ ಜನವರಿ 17, ಶುಕ್ರವಾರ, ಕೆ.ಸಿ. ರೋಡಿನಲ್ಲಿ ಕೋಟೆಕಾರು ಸಹಕಾರಿ ಸಂಘದ ಶಾಖೆಗೆ ಮುಸುಕುಧಾರಿಗಳು ಹಾಡಹಗಲೇ ನುಗ್ಗಿ ಬಂಗಾರ ದೋಚಿ ಹೋದರು. ಅಡವಿಟ್ಟ ಒಡವೆಗಳಲ್ಲಿ ಎಲ್ಲ ಸಮುದಾಯದ ಹೆಣ್ಣುಮಕ್ಕಳದ್ದೂ ಇತ್ತು. ಪೊಲೀಸರು ಕೆಲವೇ ದಿನಗಳಲ್ಲಿ ಹೊರರಾಜ್ಯದ ತಂಡವನ್ನು ಹಿಡಿದರು, ಅದಕ್ಕೆ ಮೆಚ್ಚುಗೆ ಸಲ್ಲಬೇಕು. ಆದರೆ ದರೋಡೆಕೋರರು ಈ ಜಾಗವನ್ನೇ ಏಕೆ ಆರಿಸಿರಬಹುದು? ಹೆದ್ದಾರಿ ಬದಿ, ಕೆಲವೇ ನಿಮಿಷದಲ್ಲಿ ತಲಪಾಡಿ ಗಡಿ, ಆಚೆಗೆ ಕೇರಳ. ಇಂಥ ಜಾಗಕ್ಕೆ ಉಳ್ಳಾಲ ಠಾಣೆಯೊಂದೇ ಸಾಕಾಗುವುದಿಲ್ಲ ಎನ್ನಲು ಪೊಲೀಸ್ ಪರಿಣತಿ ಬೇಡ, ನಕ್ಷೆ ನೋಡಿದರೆ ಸಾಕು.

ಮಂಗಳೂರು ಪೊಲೀಸ್ ಕಮಿಷನರೇಟ್ ಆದದ್ದು 2010ರಲ್ಲಿ. ಉಳ್ಳಾಲ, ಕೊಣಾಜೆ ಠಾಣೆಗಳು ಅದರಡಿ ಬರುತ್ತವೆ. ಮಹಿಳಾ ಠಾಣೆ, ಸೈಬರ್ ದೂರಿನ ಸೆನ್ ಠಾಣೆ ಎರಡೂ ಇರುವುದು ನಗರದಲ್ಲಿ. ಖಾತೆಯಿಂದ ದುಡ್ಡು ಹೋದ ಮೊದಲ ಗಂಟೆಯಲ್ಲೇ 1930ಕ್ಕೆ ಫೋನ್ ಮಾಡಿದರೆ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಇದನ್ನು ಹೇಳಿಕೊಡುವವರು ಹತ್ತಿರ ಬೇಕು. ಗಂಡನ ಮನೆಯಲ್ಲಿ ಹೊಡೆತ ತಿಂದ ಹುಡುಗಿ ಎರಡು ಬಸ್ ಬದಲಿಸಿ ಪಾಂಡೇಶ್ವರಕ್ಕೆ ಹೋಗಬೇಕಾದರೆ ಅರ್ಧ ದಾರಿಯಲ್ಲೇ ಮನೆಯವರು ವಾಪಸ್ ಕರೆತರುತ್ತಾರೆ. ಕಾಲೇಜುಗಳ ಸುತ್ತ ಹಬ್ಬಿರುವ ಎಂಡಿಎಂಎ ಹಾವಳಿ ಬಗ್ಗೆ ಜುಮಾ ಭಾಷಣಗಳಲ್ಲಿ ಎಷ್ಟು ಹೇಳಿದರೂ, ಮಾರುವವನನ್ನು ಹಿಡಿಯಬೇಕಾದ್ದು ಪೊಲೀಸರೇ.

ಭಯಕ್ಕೆ ಮದ್ದು ಕಾನೂನಿನಲ್ಲೇ ಸ್ವಲ್ಪ ಇದೆ. ಎಲ್ಲ ಠಾಣೆಗಳಲ್ಲಿ ಸಿಸಿಟಿವಿ ಇರಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲೇ ಆದೇಶ ಮಾಡಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಡಿ, ಘಟನೆ ಯಾವ ವ್ಯಾಪ್ತಿಯಲ್ಲಿ ನಡೆದರೂ ಠಾಣೆಯವರು ದೂರು ದಾಖಲಿಸಿಕೊಳ್ಳಬೇಕು. ಹೊಸ ಠಾಣೆ ಕೇಳುವಾಗಲೇ ಮಹಿಳಾ ಸಿಬ್ಬಂದಿ ಎಷ್ಟು, ಕ್ಯಾಮೆರಾ ಎಲ್ಲಿ, ಬ್ಯಾರಿ, ತುಳು ತಿಳಿದವರು ಇರುತ್ತಾರೆಯೇ ಎಂದೂ ಕೇಳಬಹುದು.

ಎರಡನ್ನೂ ಒಂದೇ ಕಡೆ ಕೇಳುವುದು ಜಾಣತನ. ಪೊಲೀಸ್, ಅಗ್ನಿಶಾಮಕ ಎರಡೂ ಗೃಹ ಇಲಾಖೆಯ ಕೆಳಗೆ. ಒಂದೇ ಆವರಣ, ಎರಡು ಕಟ್ಟಡ, ನಡುವೆ ಸಿಬ್ಬಂದಿ ವಸತಿ. ಉಳ್ಳಾಲ ಉರೂಸ್‌ನಂಥ ದಿನಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಐದು ವರ್ಷಕ್ಕೊಮ್ಮೆ ಬರುವ ಲಕ್ಷಾಂತರ ಜನರಿಗೆ ಆ ಇಕ್ಕಟ್ಟಿನ ರಸ್ತೆಯಲ್ಲಿ ಬಂದೋಬಸ್ತ್ ಮತ್ತು ಜಲವಾಹನ ಎರಡೂ ಒಟ್ಟಿಗೇ ಬೇಕು. ಸೋಮೇಶ್ವರದ ಕಡಲಿಗೆ ಪ್ರತಿ ಭಾನುವಾರ ಬರುವ ಜನಕ್ಕೂ ಅಷ್ಟೇ.

ದುಡ್ಡಿಲ್ಲ ಎನ್ನುವ ಉತ್ತರ ಈಗ ನಡೆಯುವುದಿಲ್ಲ. ರಾಜ್ಯಗಳ ಅಗ್ನಿಶಾಮಕ ಸೇವೆ ವಿಸ್ತರಣೆಗೆಂದೇ ಕೇಂದ್ರ 2023ರಲ್ಲಿ 5,000 ಕೋಟಿ ರೂಪಾಯಿಯ ಯೋಜನೆ ತಂದಿದೆ. ನಮ್ಮ ಶಾಸಕರು ವಿಧಾನಸಭೆಯ ಸ್ಪೀಕರ್ ಆದವರು, ಅವರ ಮಾತಿಗೆ ಬೆಂಗಳೂರಿನಲ್ಲಿ ತೂಕ ಇದೆ. ನಿಜವಾದ ತೊಡಕು ಜಾಗ. ಒಂದೆರಡು ಎಕರೆ ಸಮತಟ್ಟಾದ ಸರಕಾರಿ ಜಾಗ, ಹೆದ್ದಾರಿಗೋ ದೇರಳಕಟ್ಟೆ ರಸ್ತೆಗೋ ತಾಗಿ, ರೈಲ್ವೆ ಗೇಟಿಗೆ ಸಿಕ್ಕಿಕೊಳ್ಳದೆ, ಬೇಸಿಗೆಯಲ್ಲೂ ನೀರು ಸಿಗುವ ಹಾಗೆ. ಸೆಂಟ್ಸ್ ಲೆಕ್ಕದಲ್ಲಿ ಜಾಗ ಮಾರುವ ಊರಿನಲ್ಲಿ ಇದು ಸುಲಭ ಅಲ್ಲ. ಜಾಗ ಸಿಕ್ಕಿದ ಮೇಲೂ ಹುದ್ದೆಗಳು ಮಂಜೂರಾಗಬೇಕು. ಮಂಜೂರಾತಿಯ ಸುದ್ದಿ, ಫೋಟೊ ಪತ್ರಿಕೆಯಲ್ಲಿ ಬಂದ ಕೂಡಲೇ ನಾವು ಹಾರ ಹಾಕಿ ಮನೆಗೆ ಬರುತ್ತೇವೆ. ಜಲವಾಹನಕ್ಕೆ ಚಾಲಕ ನೇಮಕವಾದನೇ ಎಂದು ಕೇಳಲು ಯಾರೂ ಇರುವುದಿಲ್ಲ.

ಹರೇಕಳದ ಹಾಜಬ್ಬರು ಕಿತ್ತಳೆ ಮಾರಿ ಊರಿಗೆ ಶಾಲೆ ತಂದದ್ದನ್ನು ಎಲ್ಲ ಕಡೆ ಹೇಳಿಕೊಳ್ಳುತ್ತೇವೆ, ಪದ್ಮಶ್ರೀ ಬಂದಾಗ ಸಿಹಿ ಹಂಚಿದೆವು. ಅವರು ಕಚೇರಿಯಿಂದ ಕಚೇರಿಗೆ ಎಷ್ಟು ವರ್ಷ ನಡೆದರು ಎನ್ನುವ ಭಾಗವನ್ನು ಮಾತ್ರ ಮರೆಯುತ್ತೇವೆ. ನೂರಾರು ಜಮಾಅತ್‌ಗಳು, ಸಂಘಟನೆಗಳು ಇರುವ ನಮಗೆ ಆ ನಡೆಯುವ ಕೆಲಸ ಹಂಚಿಕೊಳ್ಳಲು ಆಗುವುದಿಲ್ಲವೇ? ದೇವಸ್ಥಾನದ ಸಮಿತಿ, ಚರ್ಚಿನ ಪಾಲನಾ ಮಂಡಳಿ, ಮೀನುಗಾರರ ಸಂಘ ಎಲ್ಲರನ್ನೂ ಸೇರಿಸಿಕೊಂಡೇ ಹೋಗಬೇಕು. ಬರೆ ಜರಿಯುವಾಗ ಯಾರ ಮನೆ ಎಂದು ಕೇಳುವುದಿಲ್ಲ.

ಇನ್ನೊಂದು ಮಾತು, ಕಹಿ ಎನಿಸಿದರೂ ಸರಿ. ನಾಳೆ ಜಲವಾಹನ ಬಂದರೆ ನಮ್ಮ ಎಷ್ಟು ಓಣಿಗಳ ಒಳಗೆ ಅದು ಹೋದೀತು? ಮನೆ ಕಟ್ಟುವಾಗ ಕಂಪೌಂಡನ್ನು ಒಂದಡಿ ರಸ್ತೆಗೆ ತಂದವರು, ಗೇಟಿನ ಎದುರು ಇಳಿಜಾರು ಕಾಂಕ್ರೀಟ್ ಹಾಕಿದವರು, ರಾತ್ರಿ ಕಾರನ್ನು ಓಣಿಯಲ್ಲೇ ನಿಲ್ಲಿಸುವವರು ಬೇರೆ ಯಾರೂ ಅಲ್ಲ. ಮುಂದಿನ ಗ್ರಾಮಸಭೆಗೆ, ವಾರ್ಡ್ ಸಭೆಗೆ ಮನವಿ ಒಯ್ಯುವ ಮೊದಲು ಪ್ರತಿ ಜಮಾಅತ್ ತನ್ನ ಮೊಹಲ್ಲಾದ ಓಣಿಗಳನ್ನು ಅಳತೆ ಮಾಡಿಸಲಿ. ಎಷ್ಟು ಮನೆ ಬರೆಯ ಬುಡದಲ್ಲಿವೆ, ಯಾವ ಓಣಿಗೆ ಸಣ್ಣ ವಾಹನ ಮಾತ್ರ ಹೋಗುತ್ತದೆ, ಬೇಸಿಗೆಯಲ್ಲಿ ನೀರಿರುವ ಬಾವಿ, ಕೆರೆ ಯಾವುದು ಎಂಬ ಪಟ್ಟಿ ಮನವಿಯ ಜೊತೆಗಿರಲಿ. ದೊಡ್ಡ ಜಲವಾಹನದ ಜೊತೆ ಒಂದು ಸಣ್ಣದನ್ನೂ ಕೊಡಿ ಎಂದು ಆಗ ಆಧಾರ ಇಟ್ಟು ಕೇಳಬಹುದು. ಮಳೆ ಶುರುವಾಗುವ ಮೊದಲೇ ಆ ಪಟ್ಟಿ ತಹಶೀಲ್ದಾರರ ಮೇಜಿನ ಮೇಲಿರಬೇಕು, ಅದರ ಒಂದು ಪ್ರತಿ ಪಾಂಡೇಶ್ವರ ಠಾಣೆಯಲ್ಲೂ ಇರಬೇಕು. ನಮ್ಮ ಠಾಣೆ ಬರುವವರೆಗೆ ಓಡಿ ಬರಬೇಕಾದವರು ಅವರೇ ತಾನೆ.