ಹಿಂದಿನ ಗಾಲಿ ಅಲ್ಲಾಡಿದರೆ

ಸೈಕಲ್‌ನ ಹಿಂದಿನ ಗಾಲಿ ಅಲ್ಲಾಡ್ತಿದೆಯಾ? ಪಾನಾ ಹುಡುಕುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಅಚ್ಚಿನ ನಟ್‌ಗಳು ಬಿಗಿ ಇವೆಯಾ ನೋಡಿ. ಒಂದು ಕೈಲಿ ಫ್ರೇಮ್ ಹಿಡಿದು, ಇನ್ನೊಂದು ಕೈಲಿ ರಿಮ್ ಅನ್ನು ಎಡಕ್ಕೆ ಬಲಕ್ಕೆ ಜಗ್ಗಿ. ಟಕ್ ಟಕ್ ಅಂತ ಆಡಿದರೆ ರೋಗ ಹಬ್‌ನಲ್ಲಿದೆ. ಜಗ್ಗಿದಾಗ ಗಟ್ಟಿಯಾಗಿದ್ದು, ತಿರುಗಿಸಿದಾಗ ಮಾತ್ರ ಓಲಾಡಿದರೆ ರಿಮ್ ಬೆಂಡಾಗಿದೆ, ಕಡ್ಡಿ ಸರಿ ಮಾಡಿಸಬೇಕು. ಎರಡಕ್ಕೂ ಮದ್ದು ಬೇರೆ.

ನನ್ನ ಕೈಗೆ ಬಂದದ್ದು ಹೊಸಪೇಟೆಯ ಗುಜರಿಯಲ್ಲಿ ಸಿಕ್ಕ ಹಳೇ ಲೇಡೀಸ್ ಸೈಕಲ್. ಕಂಪ್ಲಿ ಕಡೆಯ ಹಳ್ಳಿಯ ಹುಡುಗಿಯೊಬ್ಬಳಿಗೆ ಬೇಕಿತ್ತು. 2006-07ರಲ್ಲಿ ಶುರುವಾದ ಸರ್ಕಾರದ ಯೋಜನೆಯಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುತ್ತಿದ್ದರು. ಕೋವಿಡ್ ಕಾಲದಲ್ಲಿ ಅದು ನಿಂತಿತು. ಇವಳ ಅಕ್ಕನಿಗೆ ಸಿಕ್ಕಿತ್ತು, ಇವಳಿಗಿಲ್ಲ. ಶಾಲೆ ಆರು ಕಿಲೋಮೀಟರ್ ದೂರ. ಕ್ಯಾರಿಯರ್ ಮೇಲೆ ತಮ್ಮನೂ ಕೂರುತ್ತಾನೆ. ಇಬ್ಬರ ಭಾರದಲ್ಲಿ ದೊಡ್ಡ ಪಾಲು ಹೊರುವುದು ಹಿಂದಿನ ಗಾಲಿಯೇ.

ಹಬ್ ಒಳಗಿನ ಲೆಕ್ಕ ಸರಳ. ನಡುವೆ ಅಚ್ಚು, ಅದರ ಎರಡೂ ಬದಿ ಕೋನ್, ಹಬ್‌ನ ಎರಡೂ ಬಾಯಲ್ಲಿ ಕಪ್. ಕೋನ್‌ಗೂ ಕಪ್‌ಗೂ ಮಧ್ಯೆ ಉಕ್ಕಿನ ಗುಂಡುಗಳು: ಹಿಂದಿನ ಗಾಲಿಗೆ ಸಾಮಾನ್ಯವಾಗಿ ಕಾಲು ಇಂಚಿನವು, ಬದಿಗೆ 9ರಂತೆ 18. ಪ್ಯಾರಿಸ್‌ನ ಜೂಲ್ ಸುರಿರೆ 1869ರಲ್ಲಿ ಸೈಕಲ್‌ಗೆ ಬಾಲ್ ಬೇರಿಂಗ್ ಪೇಟೆಂಟ್ ಪಡೆದ ಮೇಲೆ ಮೂಲ ವಿಚಾರ ಹೆಚ್ಚು ಬದಲಾಗಿಲ್ಲ.

ಬಿಚ್ಚಿದರೆ ಒಳಗೆ ಗ್ರೀಸ್ ಇರಲಿಲ್ಲ, ಕೆಂಪು ರಾಡಿ ಇತ್ತು. ಸಂಡೂರಿನ ಅದಿರು ಲಾರಿಗಳು ಓಡಾಡುವ ರಸ್ತೆ ನೋಡಿದವರಿಗೆ ಈ ಬಣ್ಣ ಗೊತ್ತು. ಚಿನ್ನಕ್ಕೆ, ಮಸೂರಕ್ಕೆ ಮೆರುಗು ಕೊಡುವ ರೂಜ್ ಪುಡಿ ಕೂಡ ಕಬ್ಬಿಣದ ಆಕ್ಸೈಡೇ. ಧೂಳು, ಮರಳು ಗ್ರೀಸ್‌ಗೆ ಸೇರಿದರೆ ಹಬ್ ಒಳಗೆ ದಿನಾ ಸಾಣೆ ಹಿಡಿದಂತೆ.

ಸೀಮೆಎಣ್ಣೆಯಲ್ಲಿ ತೊಳೆದು ನೋಡಿದೆ. ಗುಂಡುಗಳ ಹೊಳಪು ಹೋಗಿತ್ತು, ಕೋನ್ ಮೇಲೆ ಚುಕ್ಕಿ ಗುಳಿಗಳು. ಇವೆರಡನ್ನೂ ಬದಲಿಸುವುದು ಸುಲಭ. ಆದರೆ ಬಲಗಡೆಯ ಕಪ್‌ನಲ್ಲೂ ಉಗುರಿಗೆ ತಾಕುವಂಥ ಗುಳಿ. ಕಪ್ ಹಬ್‌ಗೆ ಅಂಟಿಕೊಂಡೇ ಇರುತ್ತದೆ.

ಬಸ್ ಸ್ಟ್ಯಾಂಡ್ ಹತ್ತಿರದ ಸೈಕಲ್ ಅಂಗಡಿ ಕಾಕಾಗೆ ತೋರಿಸಿದೆ. “ಗುಂಡು, ಕೋನ್ ಹೊಸಾವು ಹಾಕಿದ್ರ ಆರು ತಿಂಗ್ಳು ಓಡ್ತೈತಿ ತಮ್ಮಾ. ಯಾರಿಗಿದು?” ಅಂದರು. ಹೇಳಿದೆ. “ಹಂಗಾದ್ರ ಹಬ್ಬೇ ಹಾಕು. ಆರು ತಿಂಗ್ಳ ಮ್ಯಾಲ ಆ ಹುಡುಗಿ ಯಾರಿಗೆ ಕೇಳ್ಬೇಕು?”

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊಸ ಹಬ್ ತಂದೆವು. ಕಾಕಾ 40 ಕಡ್ಡಿ ಬಿಚ್ಚಿ ಮತ್ತೆ ಹೆಣೆದರು. ಸೈಕಲ್‌ಗಿಂತ ಹಬ್ ಮತ್ತು ಕೂಲಿಗೇ ಹೆಚ್ಚಾಯಿತು. ಕೊಡಬೇಕಾದ ದುಡ್ಡೇ ಅದು. ನನ್ನ ವಾರಾಂತ್ಯದ ಸವಾರಿಗಾಗಿದ್ದರೆ ಹಳೇ ಕಪ್‌ನಲ್ಲೇ ಓಡಿಸುತ್ತಿದ್ದೆ.

ಕೋನ್ ಹೊಂದಿಸುವ ಕೆಲಸ ಮಾತ್ರ ನಾನೇ ಮಾಡಿದೆ. ಒಂದು ಬದಿಯ ಕೋನ್, ಲಾಕ್ ನಟ್ ಗಟ್ಟಿ ಮಾಡಿ. ಇನ್ನೊಂದು ಬದಿಯ ಕೋನ್ ಅನ್ನು ಕೈಯಲ್ಲೇ ಆಟ ಹೋಗುವಷ್ಟು ತಿರುಗಿಸಿ. ತೆಳು ಪಾನಾದಿಂದ ಕೋನ್ ಹಿಡಿದುಕೊಂಡೇ ಲಾಕ್ ನಟ್ ಬಿಗಿಯಿರಿ. ಈಗ ಅಚ್ಚನ್ನು ಬೆರಳಲ್ಲಿ ತಿರುಗಿಸಿ. ಕರಕರ ಅಂದರೆ ಬಿಗಿ ಜಾಸ್ತಿ, ಅಲ್ಲಾಡಿದರೆ ಸಡಿಲ. ಎರಡು ಮೂರು ಸಲ ಬಿಚ್ಚಿ ಹಾಕಬೇಕಾಗುತ್ತೆ, ಬೇಜಾರಾಗಬೇಡಿ.

ಹದಿನೈದು ದಿನ ಓಡಿಸಿದ ಮೇಲೆ ಮತ್ತೊಮ್ಮೆ ರಿಮ್ ಜಗ್ಗಿ ನೋಡಿ. ಆ ಹುಡುಗಿಗೂ ಇದನ್ನೇ ಕಲಿಸಿ, ಒಂದು ತೆಳು ಪಾನಾ ಕೊಟ್ಟು ಬಂದಿದ್ದೇನೆ. ಹಂಪಿಗೆ ಬಂದಾಗ ಬಾಡಿಗೆ ಸೈಕಲ್ ಹತ್ತುವ ಮುಂಚೆ ನೀವೂ ಒಮ್ಮೆ ಜಗ್ಗಿ ನೋಡಿ.