ರನ್‌ವೇ ಹತ್ತಿರ ಬಂದಾಗ
ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆಟದಲ್ಲಿ ಮುಗಿಲ ಮೇಲೆ ಸಲೀಸಾಗಿ ಹಾರುವ ವಿಮಾನ, ಲಂಡನ್ನಿನ ಹೀಥ್ರೂ ಸಮೀಪಿಸುತ್ತಲೇ ತಡವರಿಸತೊಡಗುತ್ತದೆ. ಊರಿನ ಕಟ್ಟಡ, ಟರ್ಮಿನಲ್, ಸಾಲುಗಟ್ಟಿ ನಿಂತ ವಿಮಾನಗಳ ಲೆಕ್ಕವೆಲ್ಲ ಪ್ರೊಸೆಸರ್ ತಲೆಗೆ ಒಟ್ಟಿಗೇ ಬಿದ್ದರೆ ಇನ್ನೇನಾದೀತು? ತೆರೆಯ ಮೇಲೆ ಸೆಕೆಂಡಿಗೆ 30 ಫ್ರೇಮ್ (ಚಿತ್ರ) ಮೂಡಬೇಕೆಂದರೆ ಒಂದೊಂದಕ್ಕೂ ಸಿಗುವುದು 33 ಮಿಲಿಸೆಕೆಂಡು ಮಾತ್ರ. ಆಟೋಎಫ್‌ಪಿಎಸ್‌ನಂಥ ಪುಟ್ಟ ತಂತ್ರಾಂಶ ಈ ಫ್ರೇಮ್ ಲೆಕ್ಕದ ಮೇಲೇ ಕಣ್ಣಿಟ್ಟು, ಅದು ಕುಸಿದರೆ ದೂರದ ನೆಲದ ವಿವರ ಇಳಿಸುತ್ತದೆ, ಬೇಕಿದ್ದರೆ ಮೋಡದ ಗುಣಮಟ್ಟವನ್ನೂ. ಬಿಡುವು ಸಿಕ್ಕರೆ ಮತ್ತೆ ಏರಿಸುತ್ತದೆ. ಇಳಿಯುವ ಗಡಿಬಿಡಿಯಲ್ಲಿ ದೂರದ ಗುಡ್ಡದ ಮರ ಎಣಿಸುವವರು ಯಾರು? ಆದರೆ ಈ ಏರಿಳಿತ ಅತಿಯಾದರೆ ಕಟ್ಟಡಗಳು ಕಣ್ಣೆದುರೇ ಮೂಡಿ ಮಾಯವಾಗುತ್ತವೆ, ಅದು ತಡವರಿಕೆಗಿಂತ ದೊಡ್ಡ ಕಿರಿಕಿರಿ. ಹಾಗಾಗಿ ಕನಿಷ್ಠ, ಗರಿಷ್ಠ ಮಿತಿಗಳನ್ನು ನಾವೇ ಗೊತ್ತುಮಾಡಿ, ನಡುವಿನದನ್ನಷ್ಟೇ ಯಂತ್ರಕ್ಕೆ ಬಿಡುವುದು ವಾಸಿ.