ಉಚಿತ ಖಾತೆಯ ಬಾಗಿಲು ಯಾರಿಗೆ ಮುಚ್ಚಬೇಕು?

1994ರ ಏಪ್ರಿಲ್‌ನಲ್ಲಿ ಅಮೆರಿಕದ ಅರಿಜೋನಾದ ವಕೀಲ ದಂಪತಿ ಲಾರೆನ್ಸ್ ಕ್ಯಾಂಟರ್ ಮತ್ತು ಮಾರ್ಥಾ ಸೀಗಲ್, ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್‌ನ ಸಾವಿರಾರು ಚರ್ಚಾಗುಂಪುಗಳಿಗೆ ಸುರಿದರು. ವಲಸಿಗರ ಆಸೆಯನ್ನೇ ಸರಕಾಗಿಸಿಕೊಂಡ ಈ ಪ್ರಕರಣದಲ್ಲಿ ಅಂತರ್ಜಾಲ ಸಂಪರ್ಕ ಒದಗಿಸಿದ್ದ ಸಂಸ್ಥೆ ಅವರ ಖಾತೆಯನ್ನು ರದ್ದುಮಾಡಿತು. ಆದರೆ ಮತ್ತೊಂದು ಖಾತೆ ಸುಲಭವಾಗಿ ಸಿಗುವಲ್ಲಿ ರದ್ದತಿ ಶಿಕ್ಷೆಯೇ ಅಲ್ಲ.

ಅದೇ ದಶಕದಲ್ಲಿ ಎಒಎಲ್ ಸಂಸ್ಥೆ ಉಚಿತ ಪ್ರಾಯೋಗಿಕ ಖಾತೆಯ ಡಿಸ್ಕ್‌ಗಳನ್ನು ಮನೆಮನೆಗೆ ಹಂಚಿತು. ಸೂತ್ರವೊಂದರಿಂದ ಸೃಷ್ಟಿಸಿದ ನಕಲಿ ಕ್ರೆಡಿಟ್ ಕಾರ್ಡ್ ಸಂಖ್ಯೆಗಳನ್ನು ಕೊಟ್ಟು ಖಾತೆ ತೆರೆಯುವವರು ಹುಟ್ಟಿಕೊಂಡರು. 1995ರಲ್ಲಿ ಸಂಸ್ಥೆ ಪರಿಶೀಲನೆಯನ್ನು ಬಿಗಿಗೊಳಿಸಿದಾಗ, ಅವರು ನಿಜವಾದ ಗ್ರಾಹಕರನ್ನೇ ವಂಚಿಸಿ ಪಾಸ್‌ವರ್ಡ್ ಕದಿಯತೊಡಗಿದರು. ಮುಂದೆ ಬಂದ ಕ್ಯಾಪ್ಚಾಗಳ ಕಥೆಯೂ ಇದೇ. ಸಾವಿರ ಕ್ಯಾಪ್ಚಾ ಬಿಡಿಸುವ ಕೆಲಸ ಅರ್ಧ ಡಾಲರಿಗೂ ಮಾರಾಟವಾಗುತ್ತಿದೆಯೆಂದು 2010ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಆ ಕೂಲಿಗೆ ದುಡಿಯುತ್ತಿದ್ದವರಲ್ಲಿ ಭಾರತ, ಬಾಂಗ್ಲಾದೇಶಗಳ ಯುವಜನರೂ ಇದ್ದರು.

ಹೀಗಿದ್ದೂ ಸಂಸ್ಥೆಗಳು ಇಂದಿಗೂ ಮೊದಲು ಕೇಳುವುದು ಕಾರ್ಡ್ ಅಥವಾ ಫೋನ್ ಸಂಖ್ಯೆಯನ್ನು. ಕದ್ದ ಕಾರ್ಡುಗಳನ್ನೂ ಸಗಟು ಸಿಮ್‌ಗಳನ್ನೂ ಕೊಳ್ಳಬಲ್ಲ ಸ್ಪ್ಯಾಮ್ ವ್ಯಾಪಾರಿಗೆ ಇದು ಅಲ್ಪ ಖರ್ಚು. ಬಾಗಿಲಾಚೆ ಉಳಿಯುವವರು ಬ್ಯಾಂಕ್ ಸಾಲದ ಇತಿಹಾಸವಿಲ್ಲದ ಹೊಸ ವಿದ್ಯಾರ್ಥಿ, ಕಾರ್ಡ್ ಇಲ್ಲದ ಕೊಲ್ಲಿ ರಾಷ್ಟ್ರದ ಕಾರ್ಮಿಕ, ಪ್ರಭುತ್ವದ ಕಣ್ಣಿಗೆ ಬೀಳಲು ಅಂಜುವ ಹೋರಾಟಗಾರ್ತಿ. ತಡೆಯ ಹೆಸರಿನಲ್ಲಿ ಸಂಗ್ರಹವಾಗುವುದು ಇವರ ಗುರುತು.

ಸ್ಪ್ಯಾಮ್ ವ್ಯಾಪಾರಿಗೆ ಬೇಕಿರುವುದು ಖಾತೆಯಲ್ಲ, ಲಕ್ಷಗಟ್ಟಲೆ ಸಂದೇಶ ಕಳುಹಿಸುವ ಅವಕಾಶ. ತಡೆಯಬೇಕಾದದ್ದೂ ಅದನ್ನೇ. ಹೊಸ ಖಾತೆಯಿಂದ ಮೊದಲ ವಾರಗಳಲ್ಲಿ ದಿನಕ್ಕೆ ಕೆಲವೇ ಸಂದೇಶಗಳು ಹೊರಹೋಗಲಿ. ನಡತೆ ನೋಡಿ ಮಿತಿ ಏರಲಿ. ಗ್ರಾಹಕರ ಗಣಕದಿಂದ ನೇರವಾಗಿ ಹೊರಗಿನ ಸರ್ವರ್‌ಗಳಿಗೆ ಮಿಂಚಂಚೆ ಹೋಗದಂತೆ 25ನೇ ಪೋರ್ಟ್ ಮುಚ್ಚುವ ಕ್ರಮವನ್ನು ಅನೇಕ ಸಂಪರ್ಕ ಸಂಸ್ಥೆಗಳು ಬಹಳ ಹಿಂದೆಯೇ ಅಳವಡಿಸಿಕೊಂಡಿವೆ. ದೂರುಗಳಿಗೆ ಗಂಟೆಗಳೊಳಗೆ ಸ್ಪಂದಿಸಲು ಸಾಕಷ್ಟು ಸಿಬ್ಬಂದಿಯೂ ಇರಲಿ. ಮನೆಗೆ ಪತ್ರ ಬರೆಯುವವರಿಗೆ ಈ ಮಿತಿ ಗಮನಕ್ಕೇ ಬಾರದು. ಸ್ಪ್ಯಾಮ್ ದಂಧೆಗೆ ಇದು ನಷ್ಟದ ಲೆಕ್ಕ.

ಇದಕ್ಕೆ ಹಣ ಬೇಕು. ಖಾತೆಗಳ ಸಂಖ್ಯೆ ತೋರಿಸಿ ಹೂಡಿಕೆದಾರರನ್ನು ಸೆಳೆಯುವ ಸಂಸ್ಥೆಗಳಿಗೆ ಅದು ಒಲ್ಲದ ವೆಚ್ಚ. ಉಚಿತದ ಲಾಭ ಪಡೆಯುವವರೇ ಅದರ ಕಾವಲಿನ ಖರ್ಚನ್ನೂ ಹೊರಬೇಕು. ಆ ಹೊರೆಯನ್ನು ಗುರುತಿನ ಚೀಟಿಯ ರೂಪದಲ್ಲಿ ಬಡವರ ಮೇಲೆ ಹೇರುವುದನ್ನು ಭದ್ರತೆಯೆಂದು ಒಪ್ಪಲಾಗದು.